ಅಡಿಕೆ ಸುಗ್ಗಿ, ಕಾಡಿನ ಜ್ವರ ಮತ್ತು ನೋವಿನ ಮಾತ್ರೆ

ನವೆಂಬರ್ ಬಂತೆಂದರೆ ಮಲೆನಾಡಿನಲ್ಲಿ ಎರಡು ಕಾಲ ಒಟ್ಟಿಗೇ ಶುರುವಾಗುತ್ತವೆ. ಒಂದು ಅಡಿಕೆ ಸುಗ್ಗಿ. ಇನ್ನೊಂದು ಮಂಗನ ಕಾಯಿಲೆ.

ಮರ ಹತ್ತಿ ಇಳಿಯುವ ಕೊನೆಗಾರರಿಗೆ ಭುಜ, ತೊಡೆ ನೋವು. ಮೆಟ್ಟುಗತ್ತಿ ಮುಂದೆ ರಾತ್ರಿಯವರೆಗೂ ಕೂತು ಅಡಿಕೆ ಸುಲಿಯುವವರಿಗೆ ಸೊಂಟ, ಕತ್ತು, ಮಂಡಿ ನೋವು. ಬೆಳಗಾದರೆ ಮತ್ತೆ ಕೆಲಸಕ್ಕೆ ಏಳಲೇಬೇಕು. ಹಾಗಾಗಿ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆ ಈ ತಿಂಗಳುಗಳಲ್ಲಿ ನೋವಿನ ಮಾತ್ರೆ ಇಲ್ಲದ ಮನೆ ಅಪರೂಪ. ಯಾವಾಗಲೋ ಡಾಕ್ಟರು ಬರೆದುಕೊಟ್ಟಿದ್ದ ಮಾತ್ರೆಯ ಖಾಲಿ ಹಾಳೆ ತೋರಿಸಿ, 'ಇದೇ ಕೊಡಿ' ಎಂದು ಮೆಡಿಕಲ್ ಶಾಪಿನಲ್ಲಿ ಮತ್ತೆ ಮತ್ತೆ ತರುವುದು ರೂಢಿ.

ಮಂಗನ ಕಾಯಿಲೆಯೂ ಜೋರು ಜ್ವರ, ತಲೆನೋವು, ವಿಪರೀತ ಮೈಕೈ ನೋವಿನಿಂದಲೇ ಶುರುವಾಗುತ್ತದೆ. ಆಗ ಮನೆಯಲ್ಲಿರುವ ಅದೇ ಮಾತ್ರೆ ನುಂಗಿದರೆ ಉಪಕಾರಕ್ಕಿಂತ ಅಪಾಯ ಜಾಸ್ತಿ. ನಿನ್ನೆ ಸೊಂಟಕ್ಕೆ ಒಗ್ಗಿದ ಮಾತ್ರೆ ಇವತ್ತಿನ ಜ್ವರಕ್ಕೆ ಯಾಕೆ ಬೇಡ? ಇದು ಅರ್ಥವಾಗಬೇಕಾದರೆ ಆ ಮಾತ್ರೆ ಮೈಯೊಳಗೆ ಏನು ಮಾಡುತ್ತದೆ ಎಂದು ಮೊದಲು ತಿಳಿಯಬೇಕು.

## ನೋವಿನ ಮಾತ್ರೆಗಳೆಲ್ಲ ಒಂದೇ ಅಲ್ಲ

ನಾವು ನೋವಿನ ಮಾತ್ರೆ ಎಂದು ಕರೆಯುವುದರಲ್ಲಿ ಮುಖ್ಯವಾಗಿ ಮೂರು ಜಾತಿ ಇವೆ.

ಮೊದಲನೆಯದು ಪ್ಯಾರಾಸಿಟಮಾಲ್. ಜ್ವರಕ್ಕೂ ನೋವಿಗೂ ಕೊಡುವುದು. ಡೋಲೊ, ಕ್ಯಾಲ್ಪಾಲ್ ಎಂದರೆ ಇದೇ.

ಎರಡನೆಯದು ನೋವಿನ ಜೊತೆ ಊತವನ್ನೂ ಇಳಿಸುವ ಗುಂಪು. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್, ಮೆಫೆನಾಮಿಕ್ ಆ್ಯಸಿಡ್, ಆಸ್ಪಿರಿನ್ ಎಲ್ಲ ಇದರಲ್ಲಿ ಬರುತ್ತವೆ. ಡಾಕ್ಟರುಗಳು ಈ ಗುಂಪನ್ನು ಎನ್‌ಸೆಡ್ ಎನ್ನುತ್ತಾರೆ. ಈ ಲೇಖನದ ಬಹುಪಾಲು ಇದರ ಬಗ್ಗೆಯೇ. ಮುಂದೆ ಬರೀ ನೋವಿನ ಮಾತ್ರೆ ಎಂದರೆ ಈ ಗುಂಪು ಎಂದೇ ಅರ್ಥ.

ಮೂರನೆಯದು ಟ್ರಮಡಾಲ್‌ನಂಥವು. ಇವು ನೇರವಾಗಿ ಮೆದುಳು ಮತ್ತು ನರಗಳ ಮೇಲೆ ಕೆಲಸ ಮಾಡುತ್ತವೆ. ಮಂಪರು, ವಾಂತಿ, ಮಲಬದ್ಧತೆ ತರುತ್ತವೆ. ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಬಿಡಲಾಗದ ಚಟವೂ ಆಗಬಹುದು. ಅದಕ್ಕೇ 2018ರಲ್ಲಿ ಸರ್ಕಾರ ಟ್ರಮಡಾಲನ್ನು ಮಾದಕ ವಸ್ತುಗಳ ಕಾಯ್ದೆಯ ಹಿಡಿತಕ್ಕೆ ತಂದಿತು. ಇದನ್ನು ನುಂಗಿ ಬೈಕ್ ಓಡಿಸುವುದಾಗಲಿ, ಮರ ಹತ್ತುವುದಾಗಲಿ ಮಾಡಲೇಬಾರದು.

## ನೋವು ನಿಲ್ಲುವುದು ಹೇಗೆ?

ಕಾಲು ಉಳುಕಿತು ಎಂದುಕೊಳ್ಳಿ. ಪೆಟ್ಟು ಬಿದ್ದ ಜಾಗದ ಜೀವಕೋಶಗಳು ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವನ್ನು ತಯಾರಿಸುತ್ತವೆ. ಅದು ಅಲ್ಲಿನ ನರಗಳನ್ನು ಸೂಕ್ಷ್ಮ ಮಾಡುತ್ತದೆ. ಆಗ ಸ್ವಲ್ಪ ಮುಟ್ಟಿದರೂ ನೋವು. ರಕ್ತನಾಳಗಳು ಹಿಗ್ಗುತ್ತವೆ, ಜಾಗ ಊದಿಕೊಳ್ಳುತ್ತದೆ, ಬಿಸಿಯಾಗುತ್ತದೆ. ಮೆದುಳಿನಲ್ಲಿ ಇದೇ ವಸ್ತು ಹೆಚ್ಚಾದರೆ ಜ್ವರ ಏರುತ್ತದೆ.

ಪ್ರೊಸ್ಟಾಗ್ಲಾಂಡಿನ್ ತಯಾರಾಗಲು ಕಾಕ್ಸ್ ಎಂಬ ಕಿಣ್ವ ಬೇಕು. ಎರಡನೆಯ ಗುಂಪಿನ ಮಾತ್ರೆಗಳು ಈ ಕಿಣ್ವವನ್ನೇ ತಡೆಯುತ್ತವೆ. ಆಸ್ಪಿರಿನ್ 1899ರಿಂದ ಮಾರಾಟದಲ್ಲಿದ್ದರೂ ಅದು ಹೇಗೆ ಕೆಲಸ ಮಾಡುತ್ತದೆ ಎಂದು ಬ್ರಿಟನ್ನಿನ ಜಾನ್ ವೇನ್ ತೋರಿಸಿದ್ದು 1971ರಲ್ಲಿ. 1982ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ಸಿಕ್ಕಿತು.

ಅಡ್ಡಪರಿಣಾಮದ ಬೇರು ಇರುವುದೂ ಇಲ್ಲೇ. ಪ್ರೊಸ್ಟಾಗ್ಲಾಂಡಿನ್ ಬರೀ ನೋವು ಕೊಡುವ ವಸ್ತುವಲ್ಲ. ಹೊಟ್ಟೆಯ ಒಳಪದರ ಕಾಯುವುದು, ಕಿಡ್ನಿಗೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುವುದು ಕೂಡ ಅದರ ಕೆಲಸ. ಇದೇ ಕಾಕ್ಸ್ ಕಿಣ್ವದಿಂದ ಹುಟ್ಟುವ ಇನ್ನೊಂದು ವಸ್ತು ರಕ್ತ ಹೆಪ್ಪುಗಟ್ಟಲು ಬೇಕು.

ನಮ್ಮ ಕಡೆ ಎಷ್ಟೋ ಮನೆಗಳಿಗೆ ಗುಡ್ಡದ ಮೇಲಿನ ಅಬ್ಬಿಯಿಂದ ಒಂದೇ ಪೈಪಿನಲ್ಲಿ ನೀರು ಬರುತ್ತದೆ ಅಲ್ವಾ? ಅದೇ ನೀರು ಬಚ್ಚಲಿಗೆ, ಅಡುಗೆಮನೆಗೆ, ಕೊಟ್ಟಿಗೆಗೆ. ಬಚ್ಚಲಲ್ಲಿ ನೀರು ಸೋರುತ್ತಿದೆ ಎಂದು ಗುಡ್ಡದ ಮೇಲೆ ಹೋಗಿ ಪೈಪನ್ನೇ ಮುಚ್ಚಿದರೆ ಸೋರುವುದು ನಿಲ್ಲುತ್ತದೆ. ಆದರೆ ಕೊಟ್ಟಿಗೆಯ ದನಕ್ಕೂ ನೀರಿಲ್ಲ. ಒಂದೆರಡು ಗಂಟೆ ಮುಚ್ಚಿದರೆ ಯಾರಿಗೂ ಗೊತ್ತಾಗುವುದಿಲ್ಲ. ವಾರಗಟ್ಟಲೆ ಮುಚ್ಚಿಟ್ಟರೆ ಕಷ್ಟ. ನೋವಿನ ಮಾತ್ರೆ ಮಾಡುವುದೂ ಹೀಗೆಯೇ. ಮಂಡಿಗೆಂದು ನುಂಗಿದ್ದು ಮಂಡಿಗೆ ಮಾತ್ರ ಹೋಗುವುದಿಲ್ಲ.

## ಹೊಟ್ಟೆಗೆ ಏನಾಗುತ್ತದೆ?

ಊಟ ಜೀರ್ಣವಾಗಲು ಹೊಟ್ಟೆಯಲ್ಲಿ ಗಟ್ಟಿ ಆಮ್ಲ ಇರುತ್ತದೆ. ಅದು ಹೊಟ್ಟೆಯನ್ನೇ ಸುಡದಂತೆ ಒಳಗೆ ಲೋಳೆಯ ಪದರವೊಂದಿದೆ. ಆ ಪದರ ಉಳಿಯಲು ಪ್ರೊಸ್ಟಾಗ್ಲಾಂಡಿನ್ ಬೇಕು. ಮಾತ್ರೆ ಅದನ್ನು ತಗ್ಗಿಸಿದಾಗ ಪದರ ತೆಳುವಾಗುತ್ತದೆ. ಎದೆಯುರಿ, ಹೊಟ್ಟೆನೋವು ಶುರುವಾಗಿ ಮುಂದೆ ಹುಣ್ಣಾಗಬಹುದು. ಹುಣ್ಣಿನಿಂದ ರಕ್ತ ಸೋರಬಹುದು.

ವಯಸ್ಸಾದವರಲ್ಲಿ ಮುನ್ಸೂಚನೆಯೇ ಇಲ್ಲದೆ ರಕ್ತಸ್ರಾವ ಆಗುವುದುಂಟು. ಎದೆಯುರಿ ಇಲ್ಲ, ಹೊಟ್ಟೆನೋವೂ ಇಲ್ಲ. ಒಂದು ದಿನ ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯೊಂದಿಗೆ ಹೋಗುತ್ತದೆ. ಅದು ಹೊಟ್ಟೆಯೊಳಗಿನ ರಕ್ತ. ಕಬ್ಬಿಣಾಂಶದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ ನಿಜ. ಆದರೆ ನೋವಿನ ಮಾತ್ರೆ ತಿನ್ನುತ್ತಿರುವವರು ಹಾಗೆ ಅಂದುಕೊಂಡು ಸುಮ್ನೆ ಕೂರಬಾರದು. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಇಲ್ಲಿ ಎರಡು ತಪ್ಪು ನಂಬಿಕೆಗಳಿವೆ. 'ಮಾತ್ರೆ ಬೇಡ, ಇಂಜೆಕ್ಷನ್ ಕೊಟ್ಟುಬಿಡಿ, ಹೊಟ್ಟೆಗೆ ತೊಂದರೆ ಇಲ್ಲ' ಎಂದು ಕೇಳಿ ಹಾಕಿಸಿಕೊಳ್ಳುವವರು ತುಂಬಾ ಜನ. ಔಷಧಿ ರಕ್ತದ ಮೂಲಕವೂ ಹೊಟ್ಟೆಯ ಗೋಡೆಗೆ ತಲುಪುತ್ತದೆ. ಅಲ್ಲಿ ಪ್ರೊಸ್ಟಾಗ್ಲಾಂಡಿನ್ ತಗ್ಗಿಸಿಯೇ ತಗ್ಗಿಸುತ್ತದೆ. ಪೃಷ್ಠಕ್ಕೆ ಚುಚ್ಚಿದರೂ ಹುಣ್ಣಿನ ಅಪಾಯ ತಪ್ಪುವುದಿಲ್ಲ. ಇನ್ನೊಂದು, 'ಜೊತೆಗೆ ಗ್ಯಾಸ್ ಮಾತ್ರೆ ತಗೊಂಡರೆ ಆಯ್ತು' ಎನ್ನುವುದು. ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಗಳು ಹೊಟ್ಟೆಯನ್ನು ಕಾಯುವುದು ಹೌದು. ಆದರೆ ಕಿಡ್ನಿಗೂ ಹೃದಯಕ್ಕೂ ಅವು ರಕ್ಷಣೆ ಕೊಡುವುದಿಲ್ಲ.

## ಕಿಡ್ನಿ: ನೋವಿಲ್ಲದೆ ಆಗುವ ಪೆಟ್ಟು

ಮೈಯಲ್ಲಿ ನೀರು ಸಾಕಷ್ಟಿದ್ದಾಗ ಕಿಡ್ನಿಗೆ ಪ್ರೊಸ್ಟಾಗ್ಲಾಂಡಿನ್ ಅಷ್ಟಾಗಿ ಬೇಕಾಗುವುದಿಲ್ಲ. ಬೆವರು, ವಾಂತಿ, ಭೇದಿ, ಜ್ವರದಿಂದ ನೀರು ಕಡಿಮೆಯಾದಾಗ ಕಿಡ್ನಿಗೆ ಬರುವ ರಕ್ತವೂ ಕಡಿಮೆಯಾಗುತ್ತದೆ. ಆಗ ಪ್ರೊಸ್ಟಾಗ್ಲಾಂಡಿನ್ ಒಳಬರುವ ರಕ್ತನಾಳವನ್ನು ಅಗಲ ಮಾಡಿ ಕಿಡ್ನಿಯನ್ನು ಉಳಿಸುತ್ತದೆ. ಅದೇ ಹೊತ್ತಿಗೆ ನಾವು ಡೈಕ್ಲೋಫೆನಾಕ್ ನುಂಗಿದರೆ ಆ ನಾಳ ಕಿರಿದಾಗುತ್ತದೆ. ರಕ್ತ ಸೋಸುವ ಕೆಲಸ ನಿಧಾನವಾಗುತ್ತದೆ.

ಹಾಗಾಗಿ ಬಿಸಿಲಲ್ಲಿ ಬೆವರು ಸುರಿಸಿ, ಬರೀ ಕಾಫಿ ಕುಡಿದು ಸಂಜೆ ನುಂಗುವ ಮಾತ್ರೆಗೂ, ಊಟ ಮಾಡಿ ನೀರು ಕುಡಿದು ತಗೊಳ್ಳುವ ಮಾತ್ರೆಗೂ ವ್ಯತ್ಯಾಸವಿದೆ. ಮಳೆಗಾಲದ ಇಲಿ ಜ್ವರವಂತೂ ಮೊದಲೇ ಕಿಡ್ನಿಗೆ ಕೈ ಹಾಕುವ ಕಾಯಿಲೆ. ಅದರ ಮೇಲೆ ಈ ಮಾತ್ರೆ ಬಿದ್ದರೆ ಪೆಟ್ಟು ಎರಡಾಗುತ್ತದೆ.

ಬಿ.ಪಿ. ಇರುವವರು ಇಲ್ಲಿ ಇನ್ನೂ ಎಚ್ಚರವಾಗಿರಬೇಕು. ಬಿ.ಪಿ.ಗೆ ಕೊಡುವ ಟೆಲ್ಮಿಸಾರ್ಟನ್, ಎನಾಲಾಪ್ರಿಲ್‌ನಂಥ ಮಾತ್ರೆ ಒಂದು. ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಇನ್ನೊಂದು. ಇವೆರಡರ ಜೊತೆ ನೋವಿನ ಮಾತ್ರೆಯೂ ಸೇರಿದರೆ ಕಿಡ್ನಿ ಏಕಾಏಕಿ ಸೋಲುವ ಅಪಾಯ ಹೆಚ್ಚುತ್ತದೆ. ಟೆಲ್ಮಿಸಾರ್ಟನ್ ಜೊತೆ ಮೂತ್ರದ ಔಷಧಿ ಒಂದೇ ಮಾತ್ರೆಯಲ್ಲಿ ಸೇರಿರುವುದೂ ಉಂಟು. ತಾನು ಎರಡೂ ತಿನ್ನುತ್ತಿದ್ದೇನೆಂದು ತಿನ್ನುವವರಿಗೇ ಗೊತ್ತಿರುವುದಿಲ್ಲ. ಇದಲ್ಲದೆ ನೋವಿನ ಮಾತ್ರೆ ಮೈಯಲ್ಲಿ ಉಪ್ಪು, ನೀರು ಉಳಿಸಿಕೊಳ್ಳುತ್ತದೆ. ಬಿ.ಪಿ. ಏರುತ್ತದೆ. ಸರಿಯಾಗಿ ಮಾತ್ರೆ ತಗೊಂಡರೂ ಬಿ.ಪಿ. ಇಳಿಯುತ್ತಿಲ್ಲ ಎನ್ನುವವರು ಮಂಡಿ ನೋವಿಗೆ ಏನು ತಿನ್ನುತ್ತಿದ್ದೇವೆ ಎಂದು ಡಾಕ್ಟರಿಗೆ ಹೇಳಬೇಕು.

ಕಿಡ್ನಿಗೆ ಪೆಟ್ಟಾದರೆ ಸಾಮಾನ್ಯವಾಗಿ ನೋವು ಬರುವುದಿಲ್ಲ. ಮೂತ್ರ ಕಡಿಮೆಯಾಗುವುದು, ಕಾಲು ಬಾವು ಬರುವುದು, ಬೆಳಿಗ್ಗೆ ಕಣ್ಣಿನ ಸುತ್ತ ಊದುವುದು ಲಕ್ಷಣಗಳು. ಅವು ಕಾಣುವ ಮೊದಲೇ ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ತಿಂಗಳುಗಟ್ಟಲೆ ಈ ಮಾತ್ರೆ ತಿನ್ನುತ್ತಿರುವವರು ಆ ಪರೀಕ್ಷೆ ಮಾಡಿಸುವುದು ಅಗತ್ಯ. ನೀರು ಕಡಿಮೆಯಾಗಿ ಒಮ್ಮೆ ಆದ ಪೆಟ್ಟು, ಮಾತ್ರೆ ಬೇಗ ನಿಲ್ಲಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ವರ್ಷಗಟ್ಟಲೆ ತಿಂದು ಆದ ಹಾನಿ ಹಾಗೆ ಮರಳುವುದಿಲ್ಲ.

ಇದೇ ಡೈಕ್ಲೋಫೆನಾಕ್ ನಮ್ಮ ದೇಶದ ರಣಹದ್ದುಗಳನ್ನು ಬಹುತೇಕ ಅಳಿಸಿಹಾಕಿತು. ಔಷಧಿ ಕೊಟ್ಟ ದನ ಸತ್ತಾಗ ಅದರ ಮಾಂಸ ತಿಂದ ಹದ್ದುಗಳು ಕಿಡ್ನಿ ಕೆಟ್ಟು ಸತ್ತವು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಲಾಯಿತು. ಹದ್ದಿನ ಮೈ ನಮ್ಮದಕ್ಕಿಂತ ಬೇರೆ. ಅವುಗಳಿಗೆ ತೀರಾ ಸ್ವಲ್ಪ ಪ್ರಮಾಣವೂ ವಿಷ. ನಮಗೆ ಹಾಗಲ್ಲ. ಆದರೂ ಮನೆಯಲ್ಲಿ ಉಳಿದ ಮನುಷ್ಯರ ಮಾತ್ರೆ, ಇಂಜೆಕ್ಷನ್ನನ್ನು ದನಕ್ಕೆ ಕೊಡಬೇಡಿ.

## ಹೃದಯದ ವಿಷಯ

ರಕ್ತ ಹೆಪ್ಪುಗಟ್ಟಿಸುವ ವಸ್ತು ಒಂದು, ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇನ್ನೊಂದು. ಎರಡೂ ಹೊಂದಿಕೊಂಡು ಇರಬೇಕು. ಕೆಲವು ನೋವಿನ ಮಾತ್ರೆಗಳು ತಡೆಯುವ ವಸ್ತುವನ್ನೇ ಹೆಚ್ಚು ತಗ್ಗಿಸುತ್ತವೆ. ಆಗ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ಹೊಟ್ಟೆಗೆ ಹಗುರ ಎಂದು ಹೆಸರಾಗಿದ್ದ ರೋಫೆಕಾಕ್ಸಿಬ್ ಎಂಬ ಮಾತ್ರೆಯನ್ನು 2004ರಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆದದ್ದು ಇದೇ ಕಾರಣಕ್ಕೆ. ಡೈಕ್ಲೋಫೆನಾಕ್‌ಗೂ ಈ ಅಪಾಯ ಇದೆ. ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರು ಇದನ್ನು ತಾವಾಗಿಯೇ ತಗೊಳ್ಳುವಂತಿಲ್ಲ. ಹೃದಯಕ್ಕೆಂದು ದಿನಾ ಸಣ್ಣ ಆಸ್ಪಿರಿನ್ ತಿನ್ನುವವರು ಐಬುಪ್ರೊಫೆನನ್ನೂ ತಿಂದರೆ ಆಸ್ಪಿರಿನ್‌ನ ಉಪಯೋಗ ಕಡಿಮೆಯಾಗಬಹುದು.

## ಜ್ವರ ಬಂದಾಗ ಯಾಕೆ ಬೇಡ?

ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗಗಳು ಸಾಯತೊಡಗಿದಾಗ ಹುಡುಕಿ ಕಂಡುಹಿಡಿದ ವೈರಸ್ ಇದು. ಉಣುಗು ಕಚ್ಚಿದರೆ ಬರುತ್ತದೆ. ದರಗು ಗುಡಿಸಲು, ಸೌದೆ ತರಲು, ದನ ಹುಡುಕಲು ಸೊಪ್ಪಿನಬೆಟ್ಟಕ್ಕೆ, ಕಾಡಿಗೆ ಹೋಗುವವರಿಗೆ ಅಪಾಯ ಹೆಚ್ಚು. 2019ರ ಹೊತ್ತಿಗೆ ಸಾಗರ ತಾಲೂಕಿನ ಅರಳಗೋಡು ಸುತ್ತಮುತ್ತ ಎಷ್ಟು ಸಾವು ನೋವಾಯಿತು ಎನ್ನುವುದು ಈ ಭಾಗದವರಿಗೆ ಮರೆಯುವ ವಿಷಯವಲ್ಲ.

ಉಣುಗು ಕಚ್ಚಿ ಸುಮಾರು 3ರಿಂದ 8 ದಿನಕ್ಕೆ ಜ್ವರ ಏಕಾಏಕಿ ಏರುತ್ತದೆ. ಹಣೆ ಸಿಡಿಯುವಂಥ ತಲೆನೋವು. ಸ್ನಾಯುಗಳನ್ನು ಹಿಂಡುವಂಥ ಮೈಕೈ ನೋವು. ಮೂರ್ನಾಲ್ಕು ದಿನದ ನಂತರ ಕೆಲವರಿಗೆ ಮೂಗು, ಒಸಡು, ಕರುಳಿನಿಂದ ರಕ್ತ ಬರಬಹುದು. ರಕ್ತದಲ್ಲಿನ ಪ್ಲೇಟ್‌ಲೆಟ್‌ಗಳು ಕಡಿಮೆಯಾಗುತ್ತವೆ. ರಕ್ತನಾಳ ಎಲ್ಲಾದರೂ ಒಡೆದರೆ ಓಡಿಹೋಗಿ ಮುಚ್ಚುವ ಕಣಗಳು ಇವು. ಡೆಂಗ್ಯೂ ಜ್ವರದಲ್ಲೂ ಇದೇ ಕಥೆ.

ಈಗ ಮಾತ್ರೆಯ ವಿಷಯಕ್ಕೆ ಬನ್ನಿ. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳಲು ಬೇಕಾದ ವಸ್ತು ತಯಾರಾಗುವುದು ಕಾಕ್ಸ್ ಕಿಣ್ವದಿಂದಲೇ. ನೋವಿನ ಮಾತ್ರೆ ಅದನ್ನೂ ತಡೆಯುತ್ತದೆ. ಅಂದರೆ ಜ್ವರ ಪ್ಲೇಟ್‌ಲೆಟ್‌ಗಳ ಸಂಖ್ಯೆ ಇಳಿಸುತ್ತಿದೆ, ಮಾತ್ರೆ ಉಳಿದವುಗಳ ಕೈ ಕಟ್ಟುತ್ತಿದೆ. ಜೊತೆಗೆ ಹೊಟ್ಟೆಯ ಪದರವನ್ನೂ ತೆಳು ಮಾಡುತ್ತಿದೆ. ಜ್ವರದಿಂದ ನೀರು ಕಳೆದುಕೊಂಡ ಕಿಡ್ನಿಗೂ ಪೆಟ್ಟು ಕೊಡುತ್ತಿದೆ. ಆಸ್ಪಿರಿನ್ ಅಂತೂ ತನ್ನ ಕೈಗೆ ಸಿಕ್ಕ ಪ್ಲೇಟ್‌ಲೆಟ್ಟನ್ನು ಅದು ಸಾಯುವವರೆಗೂ, ಅಂದರೆ 7ರಿಂದ 10 ದಿನ, ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಇಂದು ನುಂಗಿ ನಾಳೆ ನಿಲ್ಲಿಸಿದರೂ ಪರಿಣಾಮ ಉಳಿದಿರುತ್ತದೆ.

ಇನ್ನೊಂದು ತೊಂದರೆ ಇದೆ. ಈ ಮಾತ್ರೆಗಳು ಜ್ವರವನ್ನೂ ಮೈಕೈ ನೋವನ್ನೂ ಚೆನ್ನಾಗಿ ಇಳಿಸುತ್ತವೆ. ಕೆಲಸದ ನೋವು ಇರಬೇಕು, ಕಡಿಮೆಯಾಯಿತು ಎಂದುಕೊಂಡು ಮತ್ತೆ ತೋಟಕ್ಕೆ ಹೋಗುತ್ತಾರೆ. ಆಸ್ಪತ್ರೆಗೆ ಹೋಗಬೇಕಾದ ಎರಡು ಮೂರು ದಿನ ಹಾಗೇ ಕಳೆದುಹೋಗುತ್ತದೆ. ಮಂಗನ ಕಾಯಿಲೆಗೆ ವೈರಸ್ ಕೊಲ್ಲುವ ನಿರ್ದಿಷ್ಟ ಔಷಧಿ ಇಲ್ಲ. ಬೇಗ ದಾಖಲಾಗಿ, ನೀರಿನಾಂಶ, ರಕ್ತದೊತ್ತಡ, ಪ್ಲೇಟ್‌ಲೆಟ್ ನೋಡಿಕೊಳ್ಳುವುದೇ ಚಿಕಿತ್ಸೆ. ಕಾಯಿಲೆ ಬಂದವರಲ್ಲಿ 100ಕ್ಕೆ 3ರಿಂದ 5 ಜನ ಸಾಯುವ ರೋಗದಲ್ಲಿ ಈ ದಿನಗಳು ಬಹಳ ಅಮೂಲ್ಯ.

ಆದ್ದರಿಂದ ಮೈಕೈ ನೋವಿನ ಜೊತೆ ಜ್ವರ ಇದೆಯೇ ಎಂದು ಮೊದಲು ನೋಡಿ. ಮನೆಯಲ್ಲೊಂದು ಥರ್ಮಾಮೀಟರ್ ಇರಲಿ. ಜ್ವರ ಇದ್ದರೆ ಪ್ಯಾರಾಸಿಟಮಾಲ್ ಒಂದೇ ಸಾಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನೂ ಉಣುಗು ಕಚ್ಚಿದ್ದನ್ನೂ ಹೇಳಿ. ಈಗಾಗಲೇ ನೋವಿನ ಮಾತ್ರೆ ನುಂಗಿದ್ದರೆ ಮುಚ್ಚಿಡಬೇಡಿ.

## ಮಾತ್ರೆಯ ಹಾಳೆ ತಿರುಗಿಸಿ ನೋಡೋಣ

ಪ್ಯಾರಾಸಿಟಮಾಲ್ ಒಂದೇ ಎಂದರೆ ಸಾಲದು. ಯಾಕೆಂದರೆ ನಮ್ಮಲ್ಲಿ ಹೆಚ್ಚು ಖರ್ಚಾಗುವುದು ಬೆರಕೆ ಮಾತ್ರೆ. ಹಾಳೆಯ ಬೆಳ್ಳಿ ಬಣ್ಣದ ಹಿಂಬದಿ ನೋಡಿ. ಮೇಲೆ ದೊಡ್ಡದಾಗಿ ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಅಸೆಕ್ಲೋಫೆನಾಕ್ 100 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325 ಮಿಲಿಗ್ರಾಂ' ಎಂದಿರುತ್ತದೆ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಇದೆ. ಅಂಚಿನಲ್ಲಿ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿ ಎಂದು ಅರ್ಥ. ಹಾಳೆಯನ್ನು ಕತ್ತರಿಸಿ ನಾಲ್ಕು ಮಾತ್ರೆ ಕೊಡುವಾಗ ಎಷ್ಟೋ ಸಲ ಔಷಧಿಯ ಹೆಸರು ಅಂಗಡಿಯಲ್ಲೇ ಉಳಿಯುತ್ತದೆ. ಹೆಸರಿರುವ ತುಂಡನ್ನೇ ಕೇಳಿ ತನ್ನಿ, ಓದಲು ಆಗದವರು ಮನೆಯ ಮಕ್ಕಳಿಂದ ಓದಿಸಿ.

ಬೆರಕೆ ಮಾತ್ರೆಯಲ್ಲಿ ಲೆಕ್ಕ ಹೇಗೆ ತಪ್ಪುತ್ತದೆ ನೋಡಿ. ಸೊಂಟಕ್ಕೆ ಮೇಲಿನ ಬೆರಕೆ ಮಾತ್ರೆ ದಿನಕ್ಕೆ ಎರಡು. ಅದರಲ್ಲಿ ಪ್ಯಾರಾಸಿಟಮಾಲ್ 650 ಮಿಲಿಗ್ರಾಂ. ಜ್ವರಕ್ಕೆ ಡೋಲೊ 650 ದಿನಕ್ಕೆ ನಾಲ್ಕು. ಅದು 2,600. ನೆಗಡಿಗೆ 500 ಇರುವ ಮಾತ್ರೆ ಮೂರು. ಅದು 1,500. ಒಟ್ಟು 4,750. ಆರೋಗ್ಯವಂತ ದೊಡ್ಡವರಿಗೂ ದಿನದ ಮಿತಿ 4,000. ಮದ್ಯ ಕುಡಿಯುವವರಿಗೆ, ತೂಕ ಕಡಿಮೆ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಅದಕ್ಕಿಂತಲೂ ಕಡಿಮೆ. ಮಿತಿ ಮೀರಿದರೆ ಪ್ಯಾರಾಸಿಟಮಾಲ್ ಲಿವರನ್ನು ಸುಡುತ್ತದೆ. ಮೊದಲ ದಿನ ಏನೂ ಕಾಣದೇ ಇರಬಹುದು.

ಹಾಗೆಯೇ ಬೆಳಿಗ್ಗೆ ಅಸೆಕ್ಲೋಫೆನಾಕ್ ನುಂಗಿ ಸಂಜೆ ಡೈಕ್ಲೋಫೆನಾಕ್ ಇಂಜೆಕ್ಷನ್ ಹಾಕಿಸಿಕೊಂಡರೆ ಒಂದೇ ಜಾತಿಯ ಔಷಧಿ ಎರಡು ಪಟ್ಟಾಯಿತು. ಎರಡರಷ್ಟು ನೋವು ಹೋಗುವುದಿಲ್ಲ, ಅಪಾಯ ಮಾತ್ರ ಏರುತ್ತದೆ.

ಇನ್ನೆರಡು ಹೆಸರು ಗೊತ್ತಿರಲಿ. ನಿಮೆಸುಲೈಡ್ ಲಿವರಿಗೆ ಹಾನಿ ಮಾಡಬಹುದು ಎಂಬ ಕಾರಣಕ್ಕೆ 12 ವರ್ಷದ ಒಳಗಿನ ಮಕ್ಕಳಿಗೆ ಅದನ್ನು ಕೊಡುವುದನ್ನು 2011ರಲ್ಲೇ ನಿಷೇಧಿಸಲಾಗಿದೆ. ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ಮಕ್ಕಳಿಗೆ ಕೊಡುವ ಅಭ್ಯಾಸ ನಿಲ್ಲಲೇಬೇಕು. ಮುಟ್ಟಿನ ನೋವಿಗೆ ಹುಡುಗಿಯರು ತಗೊಳ್ಳುವ ಮೆಫೆನಾಮಿಕ್ ಆ್ಯಸಿಡ್ ಬಗ್ಗೆ 2023ರಲ್ಲಿ ಔಷಧಿಗಳ ಗುಣಮಟ್ಟ ನೋಡುವ ಕೇಂದ್ರದ ಸಂಸ್ಥೆ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್ ಒಂದು ಎಚ್ಚರಿಕೆ ಕೊಟ್ಟಿತು. ಅಪರೂಪಕ್ಕೆ ಮೈಯೆಲ್ಲಾ ದದ್ದು, ಜ್ವರ, ಗಂಟು ಊದುವುದು ಬಂದು ಲಿವರ್, ಕಿಡ್ನಿಗೂ ತಟ್ಟುವ ಅಲರ್ಜಿ ಆಗಬಹುದು ಎಂದು. ತಿಂದ ಎರಡರಿಂದ ಎಂಟು ವಾರಕ್ಕೆ ಅದು ಕಾಣಿಸಿಕೊಳ್ಳುವುದರಿಂದ ಮಾತ್ರೆಯ ನೆನಪೇ ಇರುವುದಿಲ್ಲ. ಇದು ಅಪರೂಪ, ಹೆದರಿ ನೋವು ನುಂಗಿಕೊಳ್ಳಬೇಕಿಲ್ಲ. ದದ್ದು ಎದ್ದರೆ ನಿಲ್ಲಿಸಿ ತೋರಿಸಬೇಕು.

## ಹೆಸರಿಲ್ಲದ ಪೊಟ್ಟಣ

ಕಾಗದದ ಪೊಟ್ಟಣದಲ್ಲಿ ಬಿಳಿ, ಹಳದಿ, ಕೆಂಪು ಮಾತ್ರೆ ಕಟ್ಟಿಕೊಟ್ಟು 'ಮೂರು ಹೊತ್ತು ತಗೊಳ್ಳಿ' ಎನ್ನುವುದು ಈಗಲೂ ಇದೆ. ಮಂಡಿ ನೋವು ಒಂದೇ ದಿನಕ್ಕೆ ಮಾಯವಾಗಿ, ಹಸಿವು ಜಾಸ್ತಿಯಾಗಿ, ಕೆಲವು ವಾರದಲ್ಲಿ ಮುಖ ದುಂಡಗಾದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ಇದೆ. ಸ್ಟೀರಾಯ್ಡ್ ಮತ್ತು ನೋವಿನ ಮಾತ್ರೆ ಸೇರಿದರೆ ಹೊಟ್ಟೆಯ ಹುಣ್ಣು, ರಕ್ತಸ್ರಾವದ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಶುಗರ್ ಏರುತ್ತದೆ, ಎಲುಬು ಟೊಳ್ಳಾಗುತ್ತದೆ. ವಾರಗಟ್ಟಲೆ ತಿಂದವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಮೈ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಅಷ್ಟರಲ್ಲಿ ಕಡಿಮೆ ಮಾಡಿರುತ್ತದೆ. ಪೊಟ್ಟಣ ಹಿಡಿದುಕೊಂಡೇ ಡಾಕ್ಟರ ಬಳಿ ಹೋಗಿ, ಅವರು ಹೇಳಿದಂತೆ ಇಳಿಸುತ್ತಾ ಬರಬೇಕು.

## ಯಾರು ಕೇಳದೆ ನುಂಗಬಾರದು?

ಕಿಡ್ನಿ, ಲಿವರ್, ಹೃದಯದ ತೊಂದರೆ ಇರುವವರು, ಹೊಟ್ಟೆ ಹುಣ್ಣು ಆಗಿದ್ದವರು, ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು, 65 ದಾಟಿದವರು. ಉಬ್ಬಸ ಇರುವ ಕೆಲವರಿಗೆ ಈ ಮಾತ್ರೆಯಿಂದ ಉಸಿರಾಟ ಕಟ್ಟುತ್ತದೆ. ಬಸುರಿಯರು ಮೊದಲಿಂದಲೂ ಕೇಳಿಯೇ ತಗೊಳ್ಳಬೇಕು. 20 ವಾರದ ನಂತರವಂತೂ ಮಗುವಿನ ಕಿಡ್ನಿಗೆ ತೊಂದರೆಯಾಗಿ ಗರ್ಭದ ನೀರು ಕಡಿಮೆಯಾಗಬಹುದು. ಆದರೆ ಬಸುರಿಯರಿಗೆ ಡಾಕ್ಟರೇ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಟ್ಟಿದ್ದರೆ ಅದರ ಉದ್ದೇಶ ಬೇರೆ. ತಾವಾಗಿ ನಿಲ್ಲಿಸಬಾರದು.

ಇಷ್ಟೆಲ್ಲ ಓದಿ ನೋವಿನ ಮಾತ್ರೆಯೇ ವಿಷ ಎಂದುಕೊಳ್ಳಬೇಡಿ. ಆರೋಗ್ಯವಾಗಿರುವ ಒಬ್ಬರು ಡಾಕ್ಟರು ಹೇಳಿದಷ್ಟು, ಮೂರ್ನಾಲ್ಕು ದಿನ, ಊಟದ ನಂತರ ತಗೊಂಡರೆ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. ಸಾಕಾಗುವಷ್ಟು ಕಡಿಮೆ ಪ್ರಮಾಣ, ಸಾಕಾಗುವಷ್ಟು ಕಡಿಮೆ ದಿನ ಎನ್ನುವುದು ಡಾಕ್ಟರುಗಳು ಪಾಲಿಸಬೇಕಾದ ಲೆಕ್ಕ. ಮಂಡಿ, ಕೈಬೆರಳಿನ ನೋವಿಗೆ ಡೈಕ್ಲೋಫೆನಾಕ್ ಮುಲಾಮು ಹಚ್ಚಿದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಅದಕ್ಕೇ ವಯಸ್ಸಾದವರಿಗೆ ಮೊದಲು ಅದನ್ನೇ ಕೊಟ್ಟು ನೋಡುವುದು ವಾಡಿಕೆ.

ಮಾತ್ರೆಯಿಂದ ಏನಾದರೂ ಆಯಿತು ಎನ್ನಿಸಿದರೆ ಅದನ್ನು ತಿಳಿಸಲು ಒಂದು ದಾರಿ ಇದೆ. ಔಷಧಿಗಳ ಅಡ್ಡಪರಿಣಾಮ ದಾಖಲಿಸಲು ಕೇಂದ್ರ ಸರ್ಕಾರ 2010ರಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿತು. ಅದರ ಉಚಿತ ಸಹಾಯವಾಣಿ 1800-180-3024. ಡಾಕ್ಟರೇ ಹೇಳಬೇಕೆಂದಿಲ್ಲ, ರೋಗಿಯೂ ಮನೆಯವರೂ ಹೇಳಬಹುದು. ಮೆಫೆನಾಮಿಕ್ ಆ್ಯಸಿಡ್‌ನ ಆ ಎಚ್ಚರಿಕೆ ಹೊರಬಿದ್ದದ್ದು ಇಂಥ ವರದಿಗಳನ್ನು ಒಟ್ಟು ಹಾಕಿ ನೋಡಿದಾಗಲೇ. ಕರೆ ಮಾಡುವಾಗ ಮಾತ್ರೆಯ ಹಾಳೆ ಕೈಯಲ್ಲಿರಲಿ. ಔಷಧಿಯ ಹೆಸರು, ಬ್ಯಾಚ್ ನಂಬರು, ಯಾವತ್ತಿನಿಂದ ತಿಂದದ್ದು, ಜೊತೆಗೆ ಬೇರೇನು ತಿನ್ನುತ್ತಿದ್ದಿರಿ ಎಂದು ಕೇಳುತ್ತಾರೆ.